ಊರಿಗೆ ಉತ್ತರ ಹೇಳುವ ನಾಯಕತ್ವ

ನಾಯಕತ್ವವನ್ನು ತರಗತಿಯಲ್ಲಿ ಕೂರಿಸಿ ಕಲಿಸಬಹುದೆಂದು ನಂಬಿರುವ ಆಡಳಿತ ನಿರ್ವಹಣಾ ಶಾಲೆಗಳು ಅದಕ್ಕಾಗಿ ಲಕ್ಷಗಟ್ಟಲೆ ಶುಲ್ಕ ಪಡೆಯುತ್ತಿರುವ ಕಾಲದಲ್ಲಿಯೇ, ಭಾರತದ ಕಾಲೇಜುಗಳಲ್ಲಿ ಶುಲ್ಕವಿಲ್ಲದೆ, ಪಠ್ಯಪುಸ್ತಕವಿಲ್ಲದೆ, ಹೆಚ್ಚಿನ ಗಂಭೀರ ಚರ್ಚೆಗೂ ಒಳಗಾಗದೆ ಅದೇ ಕೆಲಸವನ್ನು ಅರ್ಧ ಶತಮಾನಕ್ಕೂ ಮೀರಿ ಮಾಡುತ್ತ ಬಂದಿರುವ ಒಂದು ವ್ಯವಸ್ಥೆಯಿದೆ. ರಾಷ್ಟ್ರೀಯ ಸೇವಾ ಯೋಜನೆ ಎಂಬುದು ಅದರ ಪೂರ್ಣ ಹೆಸರಾದರೂ ಕರ್ನಾಟಕದ ಕಾಲೇಜುಗಳಲ್ಲಿ ಅದನ್ನು ಎನ್‌ಎಸ್‌ಎಸ್ ಎಂದಲ್ಲದೆ ಬೇರೆ ಹೆಸರಿನಿಂದ ಕರೆಯುವವರು ವಿರಳ. ದೇಶದಾದ್ಯಂತ ಸುಮಾರು 40 ಲಕ್ಷ ವಿದ್ಯಾರ್ಥಿ ಸ್ವಯಂಸೇವಕರಿರುವ ಈ ಯೋಜನೆಯ ಉದ್ದೇಶ ಸಮಾಜಸೇವೆಯ ಮೂಲಕ ವಿದ್ಯಾರ್ಥಿಗಳ ವ್ಯಕ್ತಿತ್ವವನ್ನು ಬೆಳೆಸುವುದು. ಅಂದರೆ ಸೇವೆ ಇಲ್ಲಿ ಗುರಿಯೂ ಹೌದು, ಕಲಿಕೆಯ ಸಾಧನವೂ ಹೌದು. ಈ ಎರಡರ ನಡುವಿನ ಸಂಬಂಧ ಸರಿಯಾಗಿದ್ದಲ್ಲಿ ವಿದ್ಯಾರ್ಥಿಯು ನಾಯಕತ್ವವನ್ನು ಕಲಿಯುತ್ತಾನೆ. ಅದು ತಪ್ಪಿದಲ್ಲಿ ಸಮಾರಂಭ ನಡೆಸುವುದನ್ನಷ್ಟೇ ಕಲಿಯುತ್ತಾನೆ. ಸಂಬಂಧ ಸರಿಯಾಗಿದೆಯೇ ಇಲ್ಲವೇ ಎಂಬುದನ್ನು ನಿರ್ಧರಿಸುವ ಅಂಶ ಒಂದೇ: ವಿದ್ಯಾರ್ಥಿಗಳು ತಮ್ಮ ಕೆಲಸಕ್ಕೆ ಯಾರಿಗೆ ಉತ್ತರ ಹೇಳಬೇಕಾಗಿದೆ ಎಂಬುದು.

ಕಡ್ಡಾಯವೋ ಐಚ್ಛಿಕವೋ

ಓದುವ ಯುವಜನರು ಸಮಾಜಕ್ಕೆ ಏನನ್ನಾದರೂ ಹಿಂದಿರುಗಿಸಬೇಕೆಂಬ ವಿಚಾರ ಸ್ವಾತಂತ್ರ್ಯ ಹೋರಾಟದ ಕಾಲದ್ದು. ಗಾಂಧೀಜಿ 1941ರಲ್ಲಿ ಪ್ರಕಟಿಸಿದ ರಚನಾತ್ಮಕ ಕಾರ್ಯಕ್ರಮದ ಕುರಿತ ಕಿರುಹೊತ್ತಗೆಯಲ್ಲಿ ವಿದ್ಯಾರ್ಥಿಗಳಿಗಾಗಿಯೇ ಒಂದು ಭಾಗವಿದೆ. ಅದಕ್ಕೂ ಮೊದಲು, ಧಾರವಾಡದಲ್ಲಿ ಹುಟ್ಟಿ ಅಮೆರಿಕದಲ್ಲಿ ಓದಿ ಬಂದ ವೈದ್ಯ ನಾ.ಸು. ಹರ್ಡೀಕರ್ 1923ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನಿ ಸೇವಾದಳವನ್ನು ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ಕಟ್ಟಿದ್ದರು. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಈ ಸ್ವಯಂಸೇವಕರ ಶಿಸ್ತು ಅಖಿಲ ಭಾರತದ ಗಮನಕ್ಕೆ ಬಂದಿತ್ತು. ಸ್ವತಂತ್ರ ಭಾರತದಲ್ಲಿ ಇದೇ ವಿಚಾರ ಸರ್ಕಾರಿ ಸಮಿತಿಗಳ ಕೈಗೆ ಬಂದಾಗ ಒಂದು ಪ್ರಶ್ನೆ ಎರಡು ದಶಕ ಕಾಡಿತು: ಸೇವೆಯನ್ನು ಕಡ್ಡಾಯಗೊಳಿಸಬೇಕೇ, ವಿದ್ಯಾರ್ಥಿಯ ಇಚ್ಛೆಗೆ ಬಿಡಬೇಕೇ?

ಸರ್ವಪಲ್ಲಿ ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು ಸೇವೆ ಐಚ್ಛಿಕವಾಗಿರಲಿ ಎಂದಿತ್ತು. ಜವಾಹರಲಾಲ್ ನೆಹರೂ ಅದಕ್ಕಿಂತ ಮುಂದೆ ಹೋಗಿ, ಪದವಿ ಪಡೆಯುವ ಮೊದಲು ವಿದ್ಯಾರ್ಥಿಗಳು ಸಮಾಜಸೇವೆ ಮಾಡಿರಬೇಕೆಂಬ ಆಲೋಚನೆಯನ್ನು 1958ರಲ್ಲಿ ಮುಖ್ಯಮಂತ್ರಿಗಳಿಗೆ ಬರೆದ ಪತ್ರದಲ್ಲಿ ಮುಂದಿಟ್ಟರು. ಮರುವರ್ಷ, ಹಿಂದೆ ಹಣಕಾಸು ಸಚಿವರಾಗಿದ್ದ ಸಿ.ಡಿ. ದೇಶಮುಖ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯು ಒಂಬತ್ತು ತಿಂಗಳಿಂದ ಒಂದು ವರ್ಷದವರೆಗಿನ ಕಡ್ಡಾಯ ಸೇವೆಯನ್ನು ಶಿಫಾರಸು ಮಾಡಿತಾದರೂ, ಅದಕ್ಕೆ ತಗಲುವ ವೆಚ್ಚವನ್ನೂ ಜಾರಿಯ ತೊಡಕುಗಳನ್ನೂ ಕಂಡು ಸರ್ಕಾರ ಹಿಂಜರಿಯಿತು. ಬೇರೆ ದೇಶಗಳ ಅನುಭವವನ್ನು ಅಧ್ಯಯನ ಮಾಡಲು 1960ರಲ್ಲಿ ನಿಯುಕ್ತರಾದ ಶಿಕ್ಷಣತಜ್ಞ ಕೆ.ಜಿ. ಸೈಯದೈನ್ ಮತ್ತೆ ಐಚ್ಛಿಕ ಸೇವೆಯ ಪರವಾಗಿಯೇ ವರದಿ ಕೊಟ್ಟರು. ಈ ನಡುವೆ ಚೀನಾ ಯುದ್ಧ ಬಂದು, 1963ರಲ್ಲಿ ರಾಷ್ಟ್ರೀಯ ಕೆಡೆಟ್ ದಳ, ಅಂದರೆ ಎನ್‌ಸಿಸಿ, ಕಾಲೇಜುಗಳಲ್ಲಿ ಕಡ್ಡಾಯವಾಯಿತು. ಆ ಕಡ್ಡಾಯ ಐದು ವರ್ಷವೂ ನೆಟ್ಟಗೆ ಬಾಳದೆ 1968ರಲ್ಲಿ ತೆಗೆದುಹಾಕಲ್ಪಟ್ಟಿತು. ಬಲವಂತದ ಶಿಸ್ತಿನಿಂದ ಹಾಜರಿ ಪುಸ್ತಕ ತುಂಬುತ್ತದೆಯೇ ಹೊರತು ಹೊಣೆಗಾರಿಕೆ ಹುಟ್ಟುವುದಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಯೋಗ ಬೇಕಿರಲಿಲ್ಲ.

ಡಿ.ಎಸ್. ಕೊಠಾರಿ ಆಯೋಗದ ಶಿಫಾರಸುಗಳ ನಂತರ ಸಿದ್ಧವಾದ ಯೋಜನೆಗೆ 1969ರ ಸೆಪ್ಟೆಂಬರ್ 24ರಂದು ಚಾಲನೆ ಕೊಟ್ಟವರು ಆಗಿನ ಕೇಂದ್ರ ಶಿಕ್ಷಣ ಸಚಿವ, ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್. ಗಾಂಧಿ ಶತಮಾನೋತ್ಸವದ ವರ್ಷದಲ್ಲಿ 37 ವಿಶ್ವವಿದ್ಯಾಲಯಗಳ 40 ಸಾವಿರ ವಿದ್ಯಾರ್ಥಿಗಳೊಂದಿಗೆ ಅದು ಆರಂಭವಾಯಿತು. ರಾವ್ ಅವರು ಆಗ ಲೋಕಸಭೆಯಲ್ಲಿ ಬಳ್ಳಾರಿ ಕ್ಷೇತ್ರವನ್ನು ಪ್ರತಿನಿಧಿಸುತ್ತಿದ್ದರು ಎಂಬುದೂ, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರು ಅವರೇ ಎಂಬುದೂ ಕರ್ನಾಟಕದ ಎನ್‌ಎಸ್‌ಎಸ್ ದಿನಾಚರಣೆಯ ಭಾಷಣಗಳಲ್ಲಿ ಕೇಳಿಬರುವುದು ಕಡಿಮೆ. ದೆಹಲಿ ಅರ್ಥಶಾಸ್ತ್ರ ಶಾಲೆಯನ್ನು ಸ್ಥಾಪಿಸಿದ್ದ ರಾವ್ ಅವರಂಥ ವ್ಯಕ್ತಿ ಇಂಥ ಯೋಜನೆಗೆ ಮುಂದಾದುದು ಆಕಸ್ಮಿಕವಲ್ಲ. ಉನ್ನತ ಶಿಕ್ಷಣದ ವೆಚ್ಚದ ಬಹುಪಾಲನ್ನು ಭರಿಸುತ್ತಿರುವವರು ಕಾಲೇಜಿನ ಮೆಟ್ಟಿಲನ್ನೇ ಹತ್ತದ ತೆರಿಗೆದಾರರು ಎಂಬ ಲೆಕ್ಕ ಅರ್ಥಶಾಸ್ತ್ರಜ್ಞನಿಗೆ ಬೇಗ ಕಾಣುತ್ತದೆ.

ಋಣದ ವರ್ತುಲ

ಪಡೆದುದನ್ನು ಹಿಂದಿರುಗಿಸುವ ರೂಢಿ ಕನ್ನಡ ನಾಡಿಗೆ ಹೊಸದಲ್ಲ. ಮುಯ್ಯಾಳು ಪದ್ಧತಿಯಲ್ಲಿ, ಅಂದರೆ ಒಂದು ಮನೆಯವರು ಇನ್ನೊಂದು ಮನೆಯ ನಾಟಿಗೋ ಕೊಯ್ಲಿಗೋ ಕೂಲಿಯಿಲ್ಲದೆ ದುಡಿದು ಅಷ್ಟೇ ದಿನದ ದುಡಿಮೆಯನ್ನು ತಮ್ಮ ಗದ್ದೆಗೆ ಮರಳಿ ಪಡೆಯುವ ಏರ್ಪಾಟಿನಲ್ಲಿ, ಕೊಡುವವರೂ ಪಡೆಯುವವರೂ ಸರಿಸಮಾನರು. ಒಂದು ದಿನ ತಪ್ಪಿಸಿಕೊಂಡವರ ಹೆಸರು ಊರಿಗೆಲ್ಲ ಗೊತ್ತಿರುತ್ತಿತ್ತು. ಮೈಸೂರು, ಬೆಂಗಳೂರುಗಳ ವಾರಾನ್ನವೂ ಇಂಥದೇ ಇನ್ನೊಂದು ಏರ್ಪಾಟು. ಹಳ್ಳಿಯಿಂದ ಓದಲು ಬಂದ ಬಡ ಹುಡುಗ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಬೆಳೆಯುತ್ತಿದ್ದ. ದೊಡ್ಡ ಹುದ್ದೆಗೆ ಏರಿದ ಮೇಲೆ ತನ್ನ ಮನೆಯಲ್ಲೂ ಅಂಥ ಹುಡುಗರಿಗೆ ಎಲೆ ಹಾಕುವುದು ಆ ಋಣವನ್ನು ತೀರಿಸುವ ಬಗೆಯಾಗಿತ್ತು. ಆದರೆ ವಾರಾನ್ನದ ಮನೆಗಳು ಬಹುಮಟ್ಟಿಗೆ ಒಂದೇ ಜಾತಿಯವಾಗಿದ್ದವು; ಮುಂದೆ ಬೇರೆ ಬೇರೆ ಸಮುದಾಯಗಳು ತಮ್ಮ ಮಕ್ಕಳಿಗಾಗಿ ಕಟ್ಟಿಕೊಂಡ ಉಚಿತ ವಿದ್ಯಾರ್ಥಿನಿಲಯಗಳಲ್ಲಿಯೂ, ಎಲ್ಲರಿಗೂ ಬಾಗಿಲು ತೆರೆದ ಕೆಲವು ಮಠಗಳನ್ನು ಬಿಟ್ಟರೆ, ಪಡೆದವರು ಕೊಡುತ್ತಿದ್ದುದು ತಮ್ಮವರಿಗೇ.

ಎನ್‌ಎಸ್‌ಎಸ್ ಈ ವರ್ತುಲವನ್ನು ಒಡೆದ ಕ್ರಮ ಗಮನಾರ್ಹವಾದುದು. ಇಲ್ಲಿ ವಿದ್ಯಾರ್ಥಿಯು ತನಗೆ ಊಟ ಹಾಕದ, ತನ್ನ ಜಾತಿಯದಲ್ಲದ, ಅನೇಕ ವೇಳೆ ಹೆಸರನ್ನೂ ಕೇಳಿರದ ಊರಿಗೆ ಹೋಗಿ ದುಡಿಯಬೇಕು. ಯೋಜನೆಯ ಧ್ಯೇಯವಾಕ್ಯ ‘ನನಗಲ್ಲ, ನಿನಗೆ’ ಎನ್ನುವಾಗ ಆ ‘ನಿನಗೆ’ ಸೂಚಿಸುವುದು ಪರಿಚಿತರನ್ನಲ್ಲ. ಗೆಳೆಯರ ಗುಂಪಿಗೆ ಅಥವಾ ಸ್ವಜಾತಿಯ ಸಂಘಕ್ಕೆ ಮುಂದಾಳಾಗುವುದು ಕಷ್ಟದ ಕೆಲಸವಲ್ಲ, ಏಕೆಂದರೆ ಅಲ್ಲಿ ನಂಬಿಕೆ ಮೊದಲೇ ಇರುತ್ತದೆ. ಅಪರಿಚಿತರ ನಂಬಿಕೆಯನ್ನು ಗಳಿಸಬೇಕಾದಾಗ ಮಾತ್ರ ನಾಯಕತ್ವವೆಂಬುದರ ನಿಜವಾದ ಪರೀಕ್ಷೆ ಆರಂಭವಾಗುತ್ತದೆ.

ಇದರಲ್ಲಿ ಒಂದು ತೊಡಕೂ ಅಡಗಿದೆ. ಮುಯ್ಯಾಳಿನಲ್ಲಿ ಕೆಲಸ ಕೆಟ್ಟರೆ ಗದ್ದೆಯ ಒಡೆಯ ಅಲ್ಲಿಯೇ ಕೇಳುತ್ತಾನೆ, ಏಕೆಂದರೆ ನಾಳೆ ಅವನೂ ದುಡಿದು ತೀರಿಸಬೇಕಾದವನು. ಶಿಬಿರಕ್ಕೆ ಬಂದ ವಿದ್ಯಾರ್ಥಿಗಳ ಕೆಲಸ ಕೆಟ್ಟರೆ ಊರಿನವರು ಕೇಳುವುದಿಲ್ಲ. ಪುಕ್ಕಟೆ ಬಂದ ಉಪಕಾರವನ್ನು ಟೀಕಿಸುವುದು ಮರ್ಯಾದೆಯಲ್ಲವೆಂದು ಸುಮ್ಮನಿರುತ್ತಾರೆ. ಈ ಮೌನವನ್ನು ಮೆಚ್ಚುಗೆಯೆಂದು ತಿಳಿದುಕೊಳ್ಳುವುದೇ ಸೇವಾ ಸಂಘಟನೆಗಳಲ್ಲಿ ಸಾಮಾನ್ಯವಾಗಿ ಕಾಣುವ ದೋಷ.

ಘಟಕ, ಗಂಟೆ, ಶಿಬಿರ

ಯೋಜನೆಯ ರಚನೆ ಸರಳವಾಗಿದೆ. ನೂರು ವಿದ್ಯಾರ್ಥಿಗಳ ಒಂದು ಘಟಕ. ಅದಕ್ಕೆ ಕಾರ್ಯಕ್ರಮಾಧಿಕಾರಿ ಎಂದು ಕರೆಯಲಾಗುವ ಒಬ್ಬ ಅಧ್ಯಾಪಕ. ಮೇಲ್ವಿಚಾರಣೆಗೆ ಪ್ರಾಂಶುಪಾಲರ ಅಧ್ಯಕ್ಷತೆಯ ಸಲಹಾ ಸಮಿತಿ. ಅದರ ಮೇಲೆ ವಿಶ್ವವಿದ್ಯಾಲಯದ ಸಂಯೋಜನಾಧಿಕಾರಿ. ಸ್ವಯಂಸೇವಕನು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆ ಕೆಲಸ ಮಾಡಬೇಕು. ವರ್ಷದ 120 ಗಂಟೆಗಳಲ್ಲಿ 20 ಗಂಟೆ ಪೂರ್ವಸಿದ್ಧತೆಯ ತರಬೇತಿಗೆ, 30 ಗಂಟೆ ಕಾಲೇಜು ಆವರಣದ ಕೆಲಸಕ್ಕೆ, ಉಳಿದ 70 ಗಂಟೆ ಸಮುದಾಯದ ನಡುವಿನ ಸೇವೆಗೆ ಮೀಸಲು. ಇದರ ಜೊತೆಗೆ, ಘಟಕವು ದತ್ತು ತೆಗೆದುಕೊಂಡ ಗ್ರಾಮದಲ್ಲಿ ಏಳು ದಿನದ ವಾರ್ಷಿಕ ವಿಶೇಷ ಶಿಬಿರವಿದ್ದು, ಅದರಲ್ಲಿ ಪ್ರತಿ ವರ್ಷ ಘಟಕದ ಅರ್ಧದಷ್ಟು ಮಂದಿ ಪಾಲ್ಗೊಳ್ಳುತ್ತಾರೆ. ಎದೆಯ ಮೇಲಿನ ಬ್ಯಾಡ್ಜಿನಲ್ಲಿರುವುದು ಕೋನಾರ್ಕ ಸೂರ್ಯ ದೇವಾಲಯದ ರಥಚಕ್ರ; ಅದರ ಎಂಟು ಅರಗಳು ದಿನದ ಎಂಟು ಜಾವಗಳನ್ನು ಸೂಚಿಸುತ್ತವೆ, ಅಂದರೆ ಸ್ವಯಂಸೇವಕನು ಹಗಲಿರುಳೂ ಸೇವೆಗೆ ಸಿದ್ಧನೆಂದು ಅರ್ಥ. ದಿನದ ಎಂಟು ಜಾವಕ್ಕೂ ಸಿದ್ಧನಿರುವವನಿಗೆ ಗಂಟೆ ಲೆಕ್ಕದ ದಿನಚರಿಯೂ ಬೇಕಾಗಿರುವುದು ಸರ್ಕಾರಿ ಯೋಜನೆಗಳಿಗೆ ಸಹಜವಾದ ವಿರೋಧಾಭಾಸ.

ಶಿಬಿರಗಳಿಗೆ ಆಯಾ ಕಾಲದ ರಾಷ್ಟ್ರೀಯ ಚಿಂತೆಗಳೇ ವಿಷಯಗಳಾದವು. 1973ರಲ್ಲಿ ಬರಗಾಲದ ವಿರುದ್ಧ ಯುವಜನರು ಎಂಬ ವಿಷಯವಿದ್ದರೆ, ಅದರ ಮುಂದಿನ ಅವಧಿಗೆ ಕೊಳೆ ಮತ್ತು ರೋಗದ ವಿರುದ್ಧ ಯುವಜನರು ಎಂಬುದಿತ್ತು; ಗ್ರಾಮ ಪುನರ್ನಿರ್ಮಾಣ, ವನೀಕರಣಗಳೂ ಬಂದವು. 1986ರಲ್ಲಿ ಆರಂಭವಾದ ಸಾಮೂಹಿಕ ಕ್ರಿಯಾತ್ಮಕ ಸಾಕ್ಷರತಾ ಕಾರ್ಯಕ್ರಮವು ಒಬ್ಬ ವಿದ್ಯಾರ್ಥಿ ಒಬ್ಬ ಅನಕ್ಷರಸ್ಥರಿಗೆ ಕಲಿಸಬೇಕೆಂಬ ತತ್ವದ ಮೇಲೆ ನಿಂತಿತ್ತು. ಆದರೆ ನಾಯಕತ್ವದ ಕಲಿಕೆಯ ದೃಷ್ಟಿಯಿಂದ ಘೋಷವಾಕ್ಯಗಳಿಗಿಂತ ಶಿಬಿರದ ದಿನಚರಿಯೇ ಹೆಚ್ಚು ಮುಖ್ಯವಾದುದರಿಂದ ಅದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಕರ್ನಾಟಕದ ಯಾವುದೇ ಗ್ರಾಮೀಣ ಶಿಬಿರದ ಚಿತ್ರ ಹೆಚ್ಚುಕಡಿಮೆ ಒಂದೇ. ಸರ್ಕಾರಿ ಪ್ರಾಥಮಿಕ ಶಾಲೆಯ ಕೊಠಡಿಗಳಲ್ಲೋ ಸಮುದಾಯ ಭವನದಲ್ಲೋ ವಸತಿ, ಬೆಳಿಗ್ಗೆ ಧ್ವಜಾರೋಹಣ, ವ್ಯಾಯಾಮ, ಉಪಾಹಾರ, ನಂತರ ಮಧ್ಯಾಹ್ನದವರೆಗೆ ಶ್ರಮದಾನ, ಅಂದರೆ ಚರಂಡಿ, ರಸ್ತೆ, ಕಲ್ಯಾಣಿ, ಶಾಲಾ ಮೈದಾನಗಳ ಕೆಲಸ, ಊಟದ ನಂತರ ಉಪನ್ಯಾಸ ಅಥವಾ ಮನೆಮನೆ ಸಮೀಕ್ಷೆ, ಸಂಜೆ ಜಾಥಾ, ರಾತ್ರಿ ಊರಿನವರೊಡನೆ ಸಾಂಸ್ಕೃತಿಕ ಕಾರ್ಯಕ್ರಮ, ಮಲಗುವ ಮುನ್ನ ದಿನದ ಅವಲೋಕನ ಸಭೆ. ಶಿಬಿರಾರ್ಥಿಗಳನ್ನು ನದಿಗಳ ಅಥವಾ ರಾಷ್ಟ್ರನಾಯಕರ ಹೆಸರಿನ ತಂಡಗಳಾಗಿ ವಿಂಗಡಿಸಿ, ಅಡುಗೆ, ಶ್ರಮದಾನ, ವೇದಿಕೆ, ವರದಿ ಮುಂತಾದ ಹೊಣೆಗಳನ್ನು ಸರದಿಯಂತೆ ಹಂಚಲಾಗುತ್ತದೆ.

ಈ ಹೊಣೆಗಳಲ್ಲಿ ಹೆಚ್ಚಿನವರು ಬಯಸುವುದು ವೇದಿಕೆಯನ್ನು. ಹೆಚ್ಚು ಕಲಿಸುವುದು ಅಡುಗೆಮನೆ. ನಿರೂಪಣೆ ಮಾಡುವ ವಿದ್ಯಾರ್ಥಿಗೆ ಚಪ್ಪಾಳೆ ಸಿಗುತ್ತದೆ, ಅವನ ಮಾತು ತಪ್ಪಿದರೂ ಯಾರೂ ಹಸಿಯುವುದಿಲ್ಲ. ಅಡುಗೆಯ ಹೊಣೆ ಹೊತ್ತ ತಂಡಕ್ಕೆ ನಾಳಿನ ಅಕ್ಕಿ, ಬೇಳೆ, ಸೌದೆ ಅಥವಾ ಸಿಲಿಂಡರು, ನೀರು ಇವುಗಳನ್ನು ಇಂದೇ ಲೆಕ್ಕ ಹಾಕಬೇಕಾಗುತ್ತದೆ. ಸಂಜೆ ಊರಿನ ಮಕ್ಕಳೂ ಪಂಕ್ತಿಯಲ್ಲಿ ಕುಳಿತಾಗ ಸಾರು ಎಲ್ಲರಿಗೂ ಸಾಲುವಂತೆ ಮಾಡುವುದು ಹೇಗೆಂದು ನಿಂತಲ್ಲೇ ನಿರ್ಧರಿಸಬೇಕಾಗುತ್ತದೆ. ಬೆಳಿಗ್ಗೆ ಐದಕ್ಕೆ ಏಳಲೊಲ್ಲದ ಸಹಪಾಠಿಯನ್ನು ಬೈಯದೆ ಎಬ್ಬಿಸಬೇಕಾಗುತ್ತದೆ. ಈ ಕೊನೆಯದರಲ್ಲಿ ನಾಯಕತ್ವದ ಒಂದು ಮುಖ್ಯ ತತ್ವವಿದೆ. ತಂಡದ ನಾಯಕನಾದ ವಿದ್ಯಾರ್ಥಿಗೆ ಸಂಬಳ ಕಡಿತ ಮಾಡುವ, ಅಂಕ ಕಳೆಯುವ, ಹೊರಹಾಕುವ ಯಾವ ಅಧಿಕಾರವೂ ಇರುವುದಿಲ್ಲ. ಅವನ ಮಾತು ನಡೆಯಬೇಕಾದರೆ ಅವನೇ ಮೊದಲು ಗುದ್ದಲಿ ಹಿಡಿದಿರಬೇಕು. ಹಾರ್ವರ್ಡ್ ವಿಶ್ವವಿದ್ಯಾಲಯದ ರೊನಾಲ್ಡ್ ಹೈಫೆಟ್ಜ್ 1994ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಧಿಕಾರ ಬೇರೆ, ನಾಯಕತ್ವ ಬೇರೆ ಎಂದು ವಾದಿಸಿದರು. ಸ್ಥಾನದ ಬಲದಿಂದ ಕೆಲಸ ಮಾಡಿಸುವುದು ಅಧಿಕಾರ, ಜನರು ತಮ್ಮ ಕಷ್ಟದ ಪ್ರಶ್ನೆಗಳನ್ನು ತಾವೇ ಎದುರಿಸುವಂತೆ ಮಾಡುವುದು ನಾಯಕತ್ವ. ಶಿಬಿರದ ಅಡುಗೆಮನೆ ಆ ವಾದದ ಮೊದಲರ್ಧಕ್ಕೆ ಒಳ್ಳೆಯ ಪ್ರಯೋಗಶಾಲೆ.

ಎರಡನೆಯ ಅರ್ಧ ಊರಿನಲ್ಲಿ ಎದುರಾಗುತ್ತದೆ. ಹೈಫೆಟ್ಜ್ ಅವರು ಸಮಸ್ಯೆಗಳನ್ನು ತಾಂತ್ರಿಕವಾದವು ಮತ್ತು ಹೊಂದಾಣಿಕೆಯನ್ನು ಬೇಡುವಂಥವು ಎಂದು ಎರಡಾಗಿ ಬಗೆಯುತ್ತಾರೆ. ಪರಿಣತರು ಬಂದು ಸರಿಪಡಿಸಬಹುದಾದುದು ತಾಂತ್ರಿಕ ಸಮಸ್ಯೆ. ಜನರ ನಡವಳಿಕೆ, ನಂಬಿಕೆ, ಪರಸ್ಪರ ಸಂಬಂಧಗಳು ಬದಲಾದರೆ ಮಾತ್ರ ಬಗೆಹರಿಯುವಂಥದು ಎರಡನೆಯ ಬಗೆಯದು. ಬಚ್ಚಲ ನೀರು ಬೀದಿಗೆ ಹರಿಯದಂತೆ ಇಂಗುಗುಂಡಿ ತೋಡುವುದು ಐವತ್ತು ಜನ ಯುವಕರಿಗೆ ದೊಡ್ಡ ಕೆಲಸವಲ್ಲ. ಶಿಬಿರ ಮುಗಿದ ಮೇಲೆ ಆ ಗುಂಡಿಯ ಹೂಳನ್ನು ತೆಗೆಯುವವರು ಯಾರು, ಗುಂಡಿ ಯಾರ ಜಾಗದಲ್ಲಿದೆ, ಪಕ್ಕದ ಮನೆಯವರೊಡನೆ ಇರುವ ಹಳೆಯ ವ್ಯಾಜ್ಯ ಏನಾಗಬೇಕು ಎಂಬ ಪ್ರಶ್ನೆಗಳಿಗೆ ಗುದ್ದಲಿ ಉತ್ತರ ಕೊಡುವುದಿಲ್ಲ. ಗ್ರಾಮ ಪಂಚಾಯಿತಿಯ ಸದಸ್ಯರು, ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು, ಸ್ತ್ರೀಶಕ್ತಿ ಸಂಘದ ಮಹಿಳೆಯರು ಇವರೊಡನೆ ಕುಳಿತು ಮಾತಾಡಿದ ವಿದ್ಯಾರ್ಥಿಗೆ ಮಾತ್ರ ಈ ಪ್ರಶ್ನೆಗಳು ಇವೆಯೆಂದಾದರೂ ತಿಳಿಯುತ್ತದೆ.

ಜಾತಿಯ ಪ್ರಶ್ನೆಯೂ ಹೀಗೆಯೇ ಬರುತ್ತದೆ, ಸಾಮಾನ್ಯವಾಗಿ ಕಾರ್ಯಕ್ರಮ ಪಟ್ಟಿಯಲ್ಲಿ ಇಲ್ಲದ ಕಡೆಯಿಂದ. ಜಾಥಾ ಯಾವ ಬೀದಿಯಲ್ಲಿ ಸಾಗಬೇಕು, ದಲಿತ ಕೇರಿಯವರೆಗೂ ಹೋಗಬೇಕೋ ರಥಬೀದಿಯಲ್ಲಿಯೇ ತಿರುಗಿ ಬರಬೇಕೋ. ಶ್ರಮದಾನಕ್ಕೆ ದೇವಸ್ಥಾನದ ಅಂಗಳವನ್ನೇ ಆರಿಸಿಕೊಳ್ಳಬೇಕೋ ಕೇರಿಯ ಚರಂಡಿಯನ್ನೋ. ಊರಿನವರು ಕೊಡುವ ಒಂದು ಹೊತ್ತಿನ ಊಟವನ್ನು ಯಾರ ಮನೆಯಿಂದ ಸ್ವೀಕರಿಸಬೇಕು. ಎಲ್ಲರೂ ಒಟ್ಟಿಗೆ ಬೇಯಿಸಿ ಒಟ್ಟಿಗೆ ಉಣ್ಣುವ ಶಿಬಿರದ ಪಂಕ್ತಿಗೆ ಊರಿನ ಎಲ್ಲರೂ ಬರುತ್ತಾರೆಯೇ ಎಂಬವೆಲ್ಲ ನಿರ್ಧಾರಗಳೇ. ದೇವಸ್ಥಾನದ ಅಂಗಳವನ್ನು ಗುಡಿಸಿ ಫೋಟೋ ತೆಗೆಸಿಕೊಂಡು ಬರುವ ಶಿಬಿರಕ್ಕೆ ಊರಿನಲ್ಲಿ ಯಾವ ವಿರೋಧವೂ ಬರುವುದಿಲ್ಲ, ಏನನ್ನೂ ಅದು ಕಲಿಸುವುದೂ ಇಲ್ಲ. ಹೆಣ್ಣುಮಕ್ಕಳ ಪಾಲಿಗೆ ಕಲಿಕೆ ಶಿಬಿರಕ್ಕೂ ಮುಂಚೆಯೇ ಆರಂಭವಾಗುತ್ತದೆ. ಏಳು ರಾತ್ರಿ ಪರಸ್ಥಳದಲ್ಲಿ ಉಳಿಯಲು ಮನೆಯವರನ್ನು ಒಪ್ಪಿಸುವ ಮಾತುಕತೆಯೇ ಅನೇಕರಿಗೆ ಸಾರ್ವಜನಿಕ ಜೀವನದ ಮೊದಲ ಸಂಧಾನ. ಶಿಬಿರದಲ್ಲಿ ಪಾತ್ರೆ ತೊಳೆಯುವ ಸರದಿ ಹುಡುಗರಿಗೂ ಬರುವಂತೆ ನೋಡಿಕೊಳ್ಳುವುದು ಎರಡನೆಯದು.

ಸೇವಾಕಲಿಕೆಯ ವಿದ್ವಾಂಸರು ಹೇಳುವುದು

ಸಮುದಾಯದ ನಡುವಿನ ಕೆಲಸವನ್ನು ಪಾಠದೊಡನೆ ಬೆಸೆಯುವ ವಿಧಾನವನ್ನು ಶಿಕ್ಷಣಶಾಸ್ತ್ರದಲ್ಲಿ ಸೇವಾಕಲಿಕೆ ಎನ್ನುತ್ತಾರೆ. ಅನುಭವದ ಮೂಲಕ ಕಲಿಯಬೇಕೆಂದು ವಾದಿಸಿದ ಅಮೆರಿಕದ ತತ್ವಜ್ಞಾನಿ ಜಾನ್ ಡ್ಯೂಯಿ ಇದರ ಹಿಂದಿನ ಪ್ರೇರಣೆ. ಅನುಭವವೆಲ್ಲ ತಾನಾಗಿಯೇ ಪಾಠವಾಗುವುದಿಲ್ಲ, ಅದನ್ನು ಕುರಿತು ಯೋಚಿಸಿದಾಗ ಮಾತ್ರ ಆಗುತ್ತದೆ ಎಂಬುದು ಡ್ಯೂಯಿಯವರ ವಾದದ ತಿರುಳು. ಈ ವಿಧಾನವನ್ನು ರೂಪಿಸಿದವರಲ್ಲಿ ಒಬ್ಬರಾದ ರಾಬರ್ಟ್ ಸಿಗ್ಮನ್ 1979ರಲ್ಲಿ ಮೂರು ತತ್ವಗಳನ್ನು ಮುಂದಿಟ್ಟರು. ಸೇವೆ ಹೇಗಿರಬೇಕೆಂಬುದರ ಮೇಲೆ ಸೇವೆ ಪಡೆಯುವವರಿಗೇ ಹತೋಟಿ ಇರಬೇಕು. ಸೇವೆಯ ಫಲವಾಗಿ ಅವರು ಮುಂದೆ ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳುವಷ್ಟು ಬಲಗೊಳ್ಳಬೇಕು. ಸೇವೆ ಮಾಡುವವರು ತಾವೂ ಕಲಿಯುವವರೆಂದು ತಿಳಿದಿರಬೇಕು. ಮೂರರಲ್ಲಿ ಮೊದಲನೆಯದನ್ನು ಒಪ್ಪುವುದು ಸುಲಭ, ಪಾಲಿಸುವುದು ಕಷ್ಟ. ಶಿಬಿರದ ದಿನಾಂಕ ಕಾಲೇಜಿನ ಪರೀಕ್ಷಾ ವೇಳಾಪಟ್ಟಿಯಂತೆ, ಕೆಲಸದ ವಿಷಯ ಮೇಲಿನ ಸುತ್ತೋಲೆಯಂತೆ, ಮುಕ್ತಾಯ ಅತಿಥಿಗಳ ಬಿಡುವಿನಂತೆ ನಿಗದಿಯಾಗುವಾಗ ಊರಿನವರ ಹತೋಟಿಗೆ ಉಳಿಯುವುದು ಹೆಚ್ಚೆಂದರೆ ಶಾಮಿಯಾನ ಹಾಕುವ ಜಾಗ.

ಇದೇ ಕಾಲದ ಇನ್ನೊಂದು ಪ್ರಸಿದ್ಧ ಬರಹ ರಾಬರ್ಟ್ ಗ್ರೀನ್‌ಲೀಫ್ 1970ರಲ್ಲಿ ಬರೆದ, ನಾಯಕನು ಮೊದಲು ಸೇವಕನಾಗಿರಬೇಕೆಂದು ಪ್ರತಿಪಾದಿಸುವ ಪ್ರಬಂಧ. ದೊಡ್ಡ ದೂರವಾಣಿ ಕಂಪನಿಯೊಂದರಲ್ಲಿ ದಶಕಗಳ ಕಾಲ ದುಡಿದಿದ್ದ ಗ್ರೀನ್‌ಲೀಫ್ ಒಡ್ಡಿದ ಕಸೋಟಿ ಸೇವೆ ಪಡೆದವರು ವ್ಯಕ್ತಿಗಳಾಗಿ ಬೆಳೆದರೇ ಎಂಬುದು. ಈ ಪ್ರಬಂಧದ ಮಾತುಗಳು ಈಗ ಕಾರ್ಪೊರೇಟ್ ತರಬೇತಿಗಳಲ್ಲಿ ಧಾರಾಳವಾಗಿ ಬಳಕೆಯಾಗುತ್ತಿವೆ. ಕಸೋಟಿಯನ್ನು ಮಾತ್ರ ಬಹಳ ಜನ ಮರೆತಂತಿದೆ. ಸದುದ್ದೇಶದ ಮೇಲೆಯೇ ಪ್ರಹಾರ ಮಾಡಿದವರು ಇವಾನ್ ಇಲಿಚ್. ಬೇಸಿಗೆ ರಜೆಯಲ್ಲಿ ಮೆಕ್ಸಿಕೋದ ಹಳ್ಳಿಗಳಿಗೆ ಸೇವೆಗೆಂದು ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳಿಗೆ 1968ರಲ್ಲಿ ಮಾಡಿದ ಭಾಷಣದಲ್ಲಿ ಅವರು, ಬಡವರ ಭಾಷೆಯನ್ನೂ ಅರಿಯದೆ, ಅವರಿಂದ ಬೈಗುಳವನ್ನೂ ಕೇಳಲಾಗದ ಸ್ಥಿತಿಯಲ್ಲಿ ಸೇವೆಗೆ ಬರುವುದು ಒಂದು ಬಗೆಯ ದರ್ಪವೆಂದು ನೇರವಾಗಿ ಹೇಳಿದರು. ಕನ್ನಡ ಬಲ್ಲ ವಿದ್ಯಾರ್ಥಿ ಕನ್ನಡದ ಹಳ್ಳಿಗೆ ಹೋಗುವಾಗ ಇಲಿಚ್ ಅವರ ಆಕ್ಷೇಪದ ಅರ್ಧ ತೀಕ್ಷ್ಣತೆ ತಗ್ಗುತ್ತದೆ. ಉಳಿದರ್ಧ, ಅಂದರೆ ಊರಿನವರು ಬೈಯುವ ಅವಕಾಶವೇ ಇಲ್ಲದಿರುವುದು, ಇಲ್ಲಿಗೂ ಅನ್ವಯಿಸುತ್ತದೆ.

ಹಾಡಿಗಳ ಕಡೆಗೆ ಹೋದ ವೈದ್ಯ ವಿದ್ಯಾರ್ಥಿಗಳು

ವಿದ್ಯಾರ್ಥಿ ಗುಂಪೊಂದು ಊರಿನ ಮಾತಿಗೆ ಕಿವಿಗೊಟ್ಟು ಬೆಳೆದರೆ ಎಲ್ಲಿಗೆ ತಲುಪಬಹುದೆಂಬುದಕ್ಕೆ ಕರ್ನಾಟಕದಲ್ಲಿಯೇ ಒಂದು ನಿದರ್ಶನವಿದೆ. ಮೈಸೂರು ವೈದ್ಯಕೀಯ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಆರ್. ಬಾಲಸುಬ್ರಹ್ಮಣ್ಯಂ ಅವರ ಮುಂದಾಳತನದಲ್ಲಿ 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಂಬ ಸಂಘಟನೆಯನ್ನು ಆರಂಭಿಸಿದರು. ಇದು ಸರ್ಕಾರಿ ಯೋಜನೆಯಲ್ಲ, ಎನ್‌ಎಸ್‌ಎಸ್ ಘಟಕವೂ ಅಲ್ಲ. ಬಡ ರೋಗಿಗಳಿಗೆ ನೆರವಾಗಬೇಕೆಂದು ಓದುತ್ತಿರುವಾಗಲೇ ಕಟ್ಟಿಕೊಂಡ ಗುಂಪು. ಪದವಿಯ ನಂತರ ಅವರು ಹೋದದ್ದು ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿಗೆ, ಕಬಿನಿ ಅಣೆಕಟ್ಟು ಮತ್ತು ವನ್ಯಜೀವಿ ಸಂರಕ್ಷಣೆಯ ಕಾರಣದಿಂದ ನೆಲೆ ಕಳೆದುಕೊಂಡಿದ್ದ ಜೇನುಕುರುಬ, ಕಾಡುಕುರುಬ ಮುಂತಾದ ಆದಿವಾಸಿಗಳ ಹಾಡಿಗಳಿಗೆ. ಹಾಡಿ ಎಂದರೆ ಆ ಭಾಗದಲ್ಲಿ ಆದಿವಾಸಿ ಕುಟುಂಬಗಳ ಪುಟ್ಟ ವಸತಿ.

ಬ್ರಹ್ಮಗಿರಿಯಲ್ಲಿ ಒಂದು ಚಿಕಿತ್ಸಾಲಯವಾಗಿ ಆರಂಭವಾದ ಕೆಲಸ ಕೆಂಚನಹಳ್ಳಿಯ ಆಸ್ಪತ್ರೆಯಾಗಿ, ಹೊಸಹಳ್ಳಿಯ ಆದಿವಾಸಿ ಮಕ್ಕಳ ಶಾಲೆಯಾಗಿ, ಸರಗೂರಿನ ದೊಡ್ಡ ಆಸ್ಪತ್ರೆಯಾಗಿ ಬೆಳೆಯಿತು. ವೈದ್ಯರಾಗಿ ಬಂದವರು ಶಾಲೆ ಕಟ್ಟಬೇಕಾಗಿ ಬಂದುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ತಾವು ಕಲಿತ ವಿದ್ಯೆ ವೈದ್ಯಕೀಯವಾದ್ದರಿಂದ ಊರಿನ ಅಗತ್ಯವೂ ವೈದ್ಯಕೀಯವೇ ಆಗಿರಬೇಕೆಂದು ಹಟ ಹಿಡಿದಿದ್ದರೆ ಅವರು ಒಳ್ಳೆಯ ಆಸ್ಪತ್ರೆಯನ್ನಷ್ಟೇ ನಡೆಸುತ್ತಿದ್ದರು. ಅಪೌಷ್ಟಿಕತೆಯ, ನೆಲೆ ತಪ್ಪಿದ ಬದುಕಿನ ಸಂಕಟಗಳಿಗೆ ಔಷಧಿಯ ಚೀಟಿ ಸಾಲದು. ಅದೇ ಸಂಘಟನೆ ಮುಂದೆ ಮೈಸೂರಿನಲ್ಲಿ ನಾಯಕತ್ವ ತರಬೇತಿಗೆಂದೇ ಒಂದು ಸಂಸ್ಥೆಯನ್ನು ತೆರೆಯಿತು. ಬಾಲಸುಬ್ರಹ್ಮಣ್ಯಂ ಅವರು 2021ರಲ್ಲಿ ಕೇಂದ್ರ ಸರ್ಕಾರದ ಸಾಮರ್ಥ್ಯವರ್ಧನೆ ಆಯೋಗದ ಸದಸ್ಯರಾಗಿ, ದೇಶದ ಸರ್ಕಾರಿ ನೌಕರರ ತರಬೇತಿಯ ವಿಚಾರದಲ್ಲಿ ಹೊಣೆ ಹೊತ್ತರು. ಎಲ್ಲ ಸೇವಾ ಗುಂಪುಗಳಿಂದಲೂ ಇಂಥ ಫಲವನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಬಹುಪಾಲು ವಿದ್ಯಾರ್ಥಿಗಳು ಶಿಬಿರದಿಂದ ಮರಳಿ ಬ್ಯಾಂಕು, ಶಾಲೆ, ಅಂಗಡಿ, ಹೊಲಗಳಿಗೆ ಹೋಗುವವರು. ಅವರಲ್ಲಿ ಒಬ್ಬರು ಮುಂದೆ ಗ್ರಾಮ ಪಂಚಾಯಿತಿಯ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಿದರೆ ಅದೂ ಇದೇ ಕಲಿಕೆಯ ಫಲವೇ.

ಲೆಕ್ಕ ಒಪ್ಪಿಸುವ ಜಾಗ

ಈಗಿನ ವ್ಯವಸ್ಥೆಯಲ್ಲಿ ಕಾರ್ಯಕ್ರಮಾಧಿಕಾರಿಗಳನ್ನು ದೂಷಿಸುವುದು ಅನ್ಯಾಯವಾಗುತ್ತದೆ. ತರಗತಿಯ ಪಾಠ, ಮೌಲ್ಯಮಾಪನ, ಪ್ರವೇಶಾತಿಗಳ ಕೆಲಸದ ಜೊತೆಗೆ ನೂರು ವಿದ್ಯಾರ್ಥಿಗಳ ಘಟಕವನ್ನು ನಡೆಸುವ ಅಧ್ಯಾಪಕನ ಅವಧಿ ಮೂರು ವರ್ಷ, ಹೆಚ್ಚೆಂದರೆ ಇನ್ನೊಂದು ವರ್ಷ. ಅನುದಾನ ಸಾಲದಾಗ ಕೈಯಿಂದ ಹಣ ಹಾಕುವವರೂ ಇದ್ದಾರೆ. ಆದರೆ ವರದಿಯೆಂಬುದು ವಿಶ್ವವಿದ್ಯಾಲಯಕ್ಕೆ, ಭಾವಚಿತ್ರಗಳು ಕಾಲೇಜಿನ ಮೌಲ್ಯಾಂಕನ ಕಡತಕ್ಕೆ, ಪ್ರಮಾಣಪತ್ರ ವಿದ್ಯಾರ್ಥಿಯ ಮುಂದಿನ ಅರ್ಜಿಗೆ ಎಂದು ಎಲ್ಲವೂ ಊರಿನಿಂದ ಹೊರಕ್ಕೇ ಹರಿಯುವಾಗ, ವಿದ್ಯಾರ್ಥಿ ಕಲಿಯುವುದು ಮೇಲಿನವರಿಗೆ ಒಪ್ಪುವಂತೆ ಬರೆಯುವ ಕಲೆಯನ್ನು. ಕಳೆದ ವರ್ಷ ಸಸಿ ನೆಟ್ಟ ಗುಂಡಿಯಲ್ಲಿಯೇ ಈ ವರ್ಷವೂ ಸಸಿ ನೆಡುವ ಹಳೆಯ ತಮಾಷೆ ಹುಟ್ಟುವುದು ಇಲ್ಲಿಂದಲೇ. ಒಣಗಿದ ಸಸಿಗೆ ಯಾವ ನಮೂನೆಯಲ್ಲಿಯೂ ಕಾಲಂ ಇಲ್ಲ.

ಪರಿಹಾರಕ್ಕೆ ಹೊಸ ಸುತ್ತೋಲೆ ಬೇಕಿಲ್ಲ. ಗ್ರಾಮವನ್ನು ದತ್ತು ತೆಗೆದುಕೊಂಡು ಅಲ್ಲಿಯೇ ನಿರಂತರವಾಗಿ ಕೆಲಸ ಮಾಡಬೇಕೆಂಬುದು ಯೋಜನೆಯ ಮೂಲ ಕಲ್ಪನೆಯಲ್ಲಿಯೇ ಇದೆ; ಸ್ವಯಂಸೇವಕರು ದಿನಚರಿ ಬರೆಯಬೇಕೆಂಬುದೂ ಇದೆ. 1993ರ ಪಂಚಾಯತ್ ರಾಜ್ ಅಧಿನಿಯಮದ ಅಡಿಯಲ್ಲಿ ಪ್ರತಿ ಪಂಚಾಯಿತಿಯಲ್ಲಿ ಗ್ರಾಮಸಭೆಯೂ ಇದೆ. ಈ ಮೂರನ್ನು ಒಂದುಗೂಡಿಸುವುದಷ್ಟೇ ಬಾಕಿ. ಶಿಬಿರದ ವರದಿಯನ್ನು ವಿಶ್ವವಿದ್ಯಾಲಯಕ್ಕೆ ಕಳಿಸುವ ಮೊದಲು ಗ್ರಾಮಸಭೆಯಲ್ಲಿ ಓದುವುದು, ಖರ್ಚಿನ ಲೆಕ್ಕವನ್ನು ಅಲ್ಲಿಯೇ ಹೇಳುವುದು, ಏನು ಕೆಟ್ಟಿತೆಂದು ಊರಿನವರನ್ನು ಕೇಳುವುದು, ಉತ್ತರ ಹೇಳುವ ಸರದಿಯನ್ನು ಅಧ್ಯಾಪಕರಿಗಲ್ಲದೆ ವಿದ್ಯಾರ್ಥಿ ತಂಡದ ನಾಯಕಿಗೆ ಅಥವಾ ನಾಯಕನಿಗೆ ಬಿಡುವುದು ಯಾವ ನಿಯಮಕ್ಕೂ ವಿರುದ್ಧವಲ್ಲ. ಒಮ್ಮೆ ಹಾಗೆ ನಿಂತು ಉತ್ತರ ಹೇಳಿದ ಇಪ್ಪತ್ತು ವರ್ಷದ ವಿದ್ಯಾರ್ಥಿಗೆ ಸಮಾರೋಪದ ಹತ್ತು ಭಾಷಣಗಳು ಕಲಿಸದ ವಿಷಯ ತಿಳಿಯುತ್ತದೆ.

ಆದುದರಿಂದ ಮುಂದಿನ ಶಿಬಿರಕ್ಕೆ ಊರು ಹುಡುಕುತ್ತಿರುವ ಕಾರ್ಯಕ್ರಮಾಧಿಕಾರಿಗಳೂ ವಿದ್ಯಾರ್ಥಿ ನಾಯಕರೂ ಹೊಸ ಊರಿನ ಹೆಸರನ್ನು ಬ್ಯಾನರಿಗೆ ಬರೆಸುವ ಮೊದಲು ಕಳೆದ ವರ್ಷದ ಊರಿಗೆ ಒಮ್ಮೆ ಹೋಗಿ ಬರಬೇಕು. ಅಲ್ಲಿಯ ಜನ ಸಂಕೋಚ ಬಿಟ್ಟು, ಮಾಡಿದ ಕೆಲಸದಲ್ಲಿ ಉಳಿದದ್ದೆಷ್ಟು, ಹಾಳಾದದ್ದೆಷ್ಟು ಎಂದು ಮುಖಕ್ಕೆ ಹೇಳಬೇಕು.